ಊರಿನ ಉದ್ಯೋಗ ಖಾತ್ರಿ ಸಡಿಲಿದರೆ ನಗರದ ಕೂಲಿ ಕುಸಿಯುತ್ತದೆ

ಲಿಂಗರಾಜಪುರ, ಕಮ್ಮನಹಳ್ಳಿ, ಬಾಣಸವಾಡಿ, ನಾಗವಾರ, ಎಚ್‌ಬಿಆರ್ ಬಡಾವಣೆ ಇವೆಲ್ಲ ಸೇರಿದ ಸರ್ವಜ್ಞನಗರ ಕ್ಷೇತ್ರದಲ್ಲಿ ಗಾರೆ ಕೆಲಸಕ್ಕೆ ಹೆಲ್ಪರ್ ಆಗಿ ಹೋಗುವವರ ದಿನಗೂಲಿಯನ್ನು ಯಾರು ನಿರ್ಧರಿಸುತ್ತಾರೆ? ಮೇಸ್ತ್ರಿ ಎನ್ನುವುದು ಮೇಲ್ನೋಟದ ಉತ್ತರ. ಆದರೆ ಮೇಸ್ತ್ರಿ ಎಷ್ಟಕ್ಕೆ ಇಳಿಸಬಲ್ಲ ಎನ್ನುವುದು ಸುಮಾರು 500 ಕಿಲೋಮೀಟರ್ ಆಚೆ, ಯಾದಗಿರಿ ಜಿಲ್ಲೆಯ ಯಾವುದೋ ಗ್ರಾಮ ಪಂಚಾಯಿತಿಯಲ್ಲಿ ಆ ವಾರ ಉದ್ಯೋಗ ಖಾತ್ರಿಯ ಹಾಜರಿ ಪಟ್ಟಿ (ಎನ್‌ಎಂಆರ್) ತೆಗೆದಿದ್ದಾರೋ ಇಲ್ಲವೋ ಎಂಬುದರ ಮೇಲೂ ನಿಂತಿದೆ. ಊರಲ್ಲಿ ಕೆಲಸ ಸಿಕ್ಕರೆ ಒಂದಷ್ಟು ಜನ ಅಲ್ಲೇ ಉಳಿಯುತ್ತಾರೆ. ಸಿಗದಿದ್ದರೆ ಅವರೂ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಬೆಳಿಗ್ಗೆ ಏಳಕ್ಕೆ ಸರ್ಕಲ್‌ನಲ್ಲಿ ಬುತ್ತಿ ಹಿಡಿದು ನಿಂತವರ ಸಂಖ್ಯೆ ಹೆಚ್ಚಿದಷ್ಟೂ ಕೂಲಿಯ ಮಾತುಕತೆ ಬೇಗ ಮುಗಿಯುತ್ತದೆ.

ಇದು ಊಹೆಯಲ್ಲ. ಹಳ್ಳಿಯ ಉದ್ಯೋಗ ಖಾತ್ರಿಗೂ ನಗರದ ಕೂಲಿಗೂ ಇರುವ ಸಂಬಂಧವನ್ನು ಅರ್ಥಶಾಸ್ತ್ರಜ್ಞರು ಅಂಕಿಅಂಶಗಳಿಂದ ತೋರಿಸಿದ್ದಾರೆ. ಖಾತ್ರಿಯ ಕಾನೂನೇ ಬದಲಾಗಿರುವ ಈ ಹೊತ್ತಿನಲ್ಲಿ ಆ ಪುರಾವೆಗಳನ್ನು ಮತ್ತೆ ತೆರೆದು ನೋಡುವುದು ಅಗತ್ಯ. ಕಲ್ಯಾಣ ಕರ್ನಾಟಕ ಮತ್ತು ಬೆಂಗಳೂರಿನ ನಡುವಿನ ಕಂದಕವನ್ನು ಮುಚ್ಚಲು ರಾಜ್ಯ ಒಂದು ಕೈಯಿಂದ ಸುರಿಯುತ್ತಿರುವ ಹಣವನ್ನು, ಕಾರ್ಮಿಕ ನೀತಿಯ ಬದಲಾವಣೆಗಳು ಇನ್ನೊಂದು ಕಡೆಯಿಂದ ತೋಡಿ ಹಾಕುವ ಅಪಾಯ ಎದುರಿಗಿದೆ.

ಐದು ಪಟ್ಟು ಅಂತರ

ಕಂದಕದ ಆಳವನ್ನು ಮೊದಲು ನೋಡೋಣ. ರಾಜ್ಯದ ಆರ್ಥಿಕ ಸಮೀಕ್ಷೆಯ ಪ್ರಕಾರ 2021–22ರಲ್ಲಿ ಬೆಂಗಳೂರು ನಗರ ಜಿಲ್ಲೆಯ ತಲಾ ಆದಾಯ ಸುಮಾರು 6.2 ಲಕ್ಷ ರೂಪಾಯಿ. ಕಲಬುರಗಿಯದು ಸುಮಾರು 1.25 ಲಕ್ಷ. ಅಂದರೆ ಐದು ಪಟ್ಟು ವ್ಯತ್ಯಾಸ. ನೀತಿ ಆಯೋಗ 2023ರಲ್ಲಿ ಪ್ರಕಟಿಸಿದ ಬಹು ಆಯಾಮದ ಬಡತನ ಸೂಚ್ಯಂಕದಲ್ಲಿ ಇಡೀ ಕರ್ನಾಟಕದ ಬಡವರ ಪ್ರಮಾಣ ಶೇ 7.58 ಇದ್ದರೆ, ಯಾದಗಿರಿ ಜಿಲ್ಲೆಯೊಂದರಲ್ಲೇ ಅದು ಜನಸಂಖ್ಯೆಯ ಕಾಲು ಭಾಗದಷ್ಟಿತ್ತು.

ಈ ಅಂತರ ಸರ್ಕಾರಕ್ಕೆ ಹೊಸ ಸುದ್ದಿಯೇನಲ್ಲ. ಡಾ. ಡಿ.ಎಂ. ನಂಜುಂಡಪ್ಪ ನೇತೃತ್ವದ ಉನ್ನತಾಧಿಕಾರ ಸಮಿತಿ 2002ರಲ್ಲೇ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಮಾಡಿಕೊಟ್ಟಿತ್ತು. ಅವುಗಳಲ್ಲಿ 39 ಅತ್ಯಂತ ಹಿಂದುಳಿದವು. ಈ 39ರಲ್ಲಿ 21 ಕಲಬುರಗಿ ವಿಭಾಗದವು. ಸಂವಿಧಾನದ 98ನೇ ತಿದ್ದುಪಡಿಯಿಂದ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371(ಜೆ) ವಿಧಿ ಬಂತು, 2013ರಲ್ಲಿ ಪ್ರದೇಶಾಭಿವೃದ್ಧಿ ಮಂಡಳಿ ಬಂತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ಬಜೆಟ್‌ಗಳಲ್ಲಿ ವರ್ಷಕ್ಕೆ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಇದರ ಮೇಲೆ 2023ರಿಂದ ಐದು ಗ್ಯಾರಂಟಿಗಳು. 2025–26ರ ಬಜೆಟ್‌ನಲ್ಲಿ ಅವುಗಳಿಗೆ ಇಟ್ಟದ್ದು 51 ಸಾವಿರ ಕೋಟಿ ರೂಪಾಯಿ.

ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಬೆಂಗಳೂರಿನ ಮನೆಗೂ ಯಾದಗಿರಿ ಜಿಲ್ಲೆಯ ಗುರುಮಠಕಲ್‌ನ ಮನೆಗೂ ಒಂದೇ. ಆದರೆ ಆದಾಯ ಕಡಿಮೆ ಇರುವ ಕಡೆ ಅದೇ ಹಣದ ತೂಕ ಹೆಚ್ಚು. ಕಿರಾಣಿ ಅಂಗಡಿಯ ಉದ್ರಿ ತೀರುತ್ತದೆ, ವಾರದ ಸಂತೆಯಲ್ಲಿ ವ್ಯಾಪಾರ ಏಳುತ್ತದೆ. ಹೀಗಾಗಿ ಪ್ರಾದೇಶಿಕ ಸಮತೋಲನದ ಹೆಸರಿಲ್ಲದೆಯೂ ಗ್ಯಾರಂಟಿಗಳು ಆ ಕೆಲಸವನ್ನು ಅಷ್ಟಿಷ್ಟು ಮಾಡುತ್ತಿವೆ. ಇದನ್ನು ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು: ಕೈಗೆ ಬರುವ ನೆರವು ಮತ್ತು ದುಡಿಮೆಗೆ ಸಿಗುವ ಕೂಲಿ ಎರಡೂ ಒಂದೇ ದಿಕ್ಕಿಗೆ ಸಾಗುತ್ತಿವೆಯೇ?

ಆಂಧ್ರದ ಗಡಿಯಿಂದ ಬಂದ ಪುರಾವೆ

ಉದ್ಯೋಗ ಖಾತ್ರಿ ಎಂದರೆ ಗುಂಡಿ ತೋಡಿಸಿ ದುಡ್ಡು ಹಂಚುವ ಯೋಜನೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಈ ಮಾತನ್ನು ಸರಿಯಾಗಿ ಪರೀಕ್ಷೆಗೆ ಒಡ್ಡಿದ್ದು ಅವಿಭಜಿತ ಆಂಧ್ರಪ್ರದೇಶದಲ್ಲಿ. ಕಾರ್ತಿಕ್ ಮುರಳೀಧರನ್, ಪಾಲ್ ನೀಹೌಸ್ ಮತ್ತು ಸಂದೀಪ್ ಸುಖ್ತಂಕರ್ ಎಂಬ ಅರ್ಥಶಾಸ್ತ್ರಜ್ಞರು ಎಂಟು ಜಿಲ್ಲೆಗಳ 157 ಮಂಡಲಗಳಲ್ಲಿ ಅಧ್ಯಯನ ನಡೆಸಿದರು. ನಮ್ಮ ರಾಯಚೂರು, ಬಳ್ಳಾರಿ, ತುಮಕೂರುಗಳಿಗೆ ತಾಗಿದ ಕರ್ನೂಲು, ಅನಂತಪುರ ಜಿಲ್ಲೆಗಳೂ ಅದರಲ್ಲಿದ್ದವು. ಖಾತ್ರಿ ಯೋಜನೆಯ ಕೂಲಿ ಸೋರಿಕೆಯಿಲ್ಲದೆ, ವಿಳಂಬವಿಲ್ಲದೆ ತಲುಪುವಂತೆ ಮಾಡುವ ಸ್ಮಾರ್ಟ್‌ಕಾರ್ಡ್ ವ್ಯವಸ್ಥೆಯನ್ನು ಯಾವ ಮಂಡಲಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. ಎರಡು ಗುಂಪುಗಳನ್ನು ಹೋಲಿಸಿದರೆ ಯೋಜನೆಯ ಪರಿಣಾಮವಷ್ಟೇ ಬೇರ್ಪಟ್ಟು ಕಾಣುವ ವಿಧಾನ ಇದು.

2023ರಲ್ಲಿ ‘ಎಕಾನೊಮೆಟ್ರಿಕಾ’ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಯೋಜನೆ ಚೆನ್ನಾಗಿ ನಡೆದ ಕಡೆ ಫಲಾನುಭವಿ ಕುಟುಂಬಗಳ ಗಳಿಕೆ ಶೇ 14ರಷ್ಟು ಏರಿತು, ಬಡತನ ಶೇ 26ರಷ್ಟು ಇಳಿಯಿತು. ಇನ್ನೂ ಮುಖ್ಯವಾದ ಸಂಗತಿ, ಹೀಗೆ ಹೆಚ್ಚಿದ ಆದಾಯದಲ್ಲಿ ಶೇ 86ರಷ್ಟು ಖಾತ್ರಿ ಕೆಲಸದಿಂದ ಬಂದದ್ದೇ ಅಲ್ಲ. ಅದು ಹೊಲ, ಕಟ್ಟಡ, ಅಂಗಡಿಗಳಲ್ಲಿ ಸಿಕ್ಕ ಹೆಚ್ಚಿನ ಕೂಲಿ ಮತ್ತು ಹೆಚ್ಚಿನ ಕೆಲಸದಿಂದ ಬಂದಿತ್ತು. ‘ಕೊಡಬೇಕಾದಷ್ಟು ಕೊಡಿ, ಇಲ್ಲದಿದ್ದರೆ ಖಾತ್ರಿ ಕೆಲಸಕ್ಕೆ ಹೋಗುತ್ತೇನೆ’ ಎನ್ನುವ ಶಕ್ತಿ ಕೂಲಿಯವರಿಗೆ ಬಂದಾಗ ಎಲ್ಲರ ಕೂಲಿಯೂ ಏರಿತು. ಕೂಲಿ ಏರಿದರೆ ಕೆಲಸ ಕಡಿಮೆಯಾಗುತ್ತದೆ ಎಂಬ ಭಯ ಅಲ್ಲಿ ನಿಜವಾಗಲಿಲ್ಲ. ಭೂಮಿ ಕೆಲವೇ ಕೈಗಳಲ್ಲಿ ಇದ್ದ ಹಳ್ಳಿಗಳಲ್ಲಿ ಉದ್ಯೋಗ ಇನ್ನೂ ಹೆಚ್ಚು ಬೆಳೆಯಿತು. ಕೃಷಿಯೇತರ ಸಣ್ಣ ಉದ್ದಿಮೆಗಳೂ ಹೆಚ್ಚಿದವು.

ಇದರ ನಗರದ ಕಡೆಯ ಪರಿಣಾಮವನ್ನು ನೋಡಿದವರು ಅರ್ಥಶಾಸ್ತ್ರಜ್ಞರಾದ ಕ್ಲೆಮಾಂ ಅಂಬೇರ್ ಮತ್ತು ಜಾನ್ ಪ್ಯಾಪ್. ಖಾತ್ರಿ ಯೋಜನೆ ಬಂದ ಜಿಲ್ಲೆಗಳಿಂದ ಅಲ್ಪಾವಧಿಯ ಗುಳೆ ಕಡಿಮೆಯಾಯಿತು, ಆ ವಲಸಿಗರನ್ನೇ ನೆಚ್ಚಿದ್ದ ನಗರಗಳಲ್ಲಿ ಕೌಶಲ ಬೇಡದ ಕೆಲಸಗಳ ಕೂಲಿ ಏರಿತು ಎಂದು 2020ರಲ್ಲಿ ಪ್ರಕಟವಾದ ಅವರ ಅಧ್ಯಯನ ತೋರಿಸಿತು. ಇದನ್ನು ತಿರುಗಿಸಿ ಓದಿದರೆ ಸಿಗುವುದೇ ನಮ್ಮ ಮುಂದಿನ ಎಚ್ಚರಿಕೆ. ಖಾತ್ರಿ ಸಡಿಲವಾದರೆ ಗುಳೆ ಹೆಚ್ಚುತ್ತದೆ, ಗುಳೆ ಹೆಚ್ಚಿದರೆ ನಗರದ ಕೂಲಿ ಇಳಿಯುತ್ತದೆ. ಪೆಟ್ಟು ಎರಡು ಕಡೆಗೂ ಬೀಳುತ್ತದೆ.

ಹೊಸ ಕಾಯ್ದೆಯ ಮೂರು ಬಿರುಕು

2005ರ ಮಹಾತ್ಮ ಗಾಂಧಿ ನರೇಗಾ ಕಾಯ್ದೆಯ ಜಾಗಕ್ಕೆ 2025ರ ಡಿಸೆಂಬರ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ತಂದಿತು. ವಿಬಿ–ಜಿ ರಾಮ್ ಜಿ ಎಂಬುದು ಅದರ ಸಂಕ್ಷಿಪ್ತ ಹೆಸರು. ಖಾತ್ರಿಯ ದಿನಗಳನ್ನು ಅದು 100ರಿಂದ 125ಕ್ಕೆ ಏರಿಸಿದೆ. ಕೇಳಲು ಇದು ಹೆಚ್ಚಳವೇ. ಆದರೆ ಹಳೆಯ 100 ದಿನಗಳೇ ಹೆಚ್ಚಿನವರಿಗೆ ಸಿಕ್ಕಿರಲಿಲ್ಲ. ದೇಶದಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ ಸರಾಸರಿ ಸಿಗುತ್ತಿದ್ದದ್ದು 50 ದಿನಗಳ ಆಸುಪಾಸು. ಅರ್ಧದಷ್ಟೇ ತುಂಬಿದ ಗಡಿಗೆಯ ಬಾಯಿಯನ್ನು ಎತ್ತರಿಸಿದರೆ ನೀರು ಹೆಚ್ಚುವುದಿಲ್ಲ.

ಬಿರುಕುಗಳು ಇರುವುದು ಬೇರೆಡೆ. ಮೊದಲನೆಯದು ಹಣದ ಹಂಚಿಕೆ. ಹಿಂದೆ ಕೂಲಿಯ ಪೂರ್ತಿ ಮೊತ್ತ ಮತ್ತು ಸಾಮಗ್ರಿಯ ಮುಕ್ಕಾಲು ಪಾಲನ್ನು ಕೇಂದ್ರ ಭರಿಸುತ್ತಿತ್ತು. ಈಗ ಕರ್ನಾಟಕದಂಥ ರಾಜ್ಯಗಳಿಗೆ 60:40ರ ಅನುಪಾತ. ಎರಡನೆಯದು ಮಿತಿ. ಬೇಡಿಕೆ ಬಂದಷ್ಟು ಹಣ ಎಂಬ ತತ್ವ ಹೋಗಿ, ರಾಜ್ಯವಾರು ಹಂಚಿಕೆಯನ್ನು ಕೇಂದ್ರವೇ ಮೊದಲು ಗೊತ್ತುಮಾಡುತ್ತದೆ. ಅದನ್ನು ಮೀರಿದ ಖರ್ಚು ರಾಜ್ಯದ ತಲೆಗೆ. ಮೂರನೆಯದು ಬಿಡುವು. ಬಿತ್ತನೆ, ಕೊಯ್ಲಿನ ಹಂಗಾಮಿನಲ್ಲಿ ಒಟ್ಟು 60 ದಿನ ಕಾಮಗಾರಿ ನಡೆಸುವಂತಿಲ್ಲ.

ಮಿತಿಯ ಅರ್ಥವೇನೆಂದು ತಿಳಿಯಲು ಕೊರೊನಾ ವರ್ಷವನ್ನು ನೆನಪಿಸಿಕೊಳ್ಳಿ. 2020ರಲ್ಲಿ ನರೇಗಾಕ್ಕೆ ಬಜೆಟ್‌ನಲ್ಲಿ ಇಟ್ಟಿದ್ದು 61,500 ಕೋಟಿ ರೂಪಾಯಿ. ನಗರಗಳಿಂದ ಜನ ಊರು ಸೇರಿದಾಗ ಕೇಂದ್ರ ಇನ್ನೂ 40,000 ಕೋಟಿ ಸೇರಿಸಿತು. ಆ ವರ್ಷ ದೇಶದಲ್ಲಿ ಸುಮಾರು 389 ಕೋಟಿ ಮಾನವ ದಿನಗಳ ಕೆಲಸ ಸೃಷ್ಟಿಯಾಯಿತು. ಬೇಡಿಕೆಗೆ ತಕ್ಕಂತೆ ಹಿಗ್ಗುವ ಗುಣ ಕಾನೂನಿನಲ್ಲೇ ಇದ್ದದ್ದರಿಂದ ಇದು ಸಾಧ್ಯವಾಯಿತು. 2023ರಲ್ಲಿ ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತ ಎಂದು ಘೋಷಿಸಬೇಕಾಯಿತು. ಅಂಥ ಇನ್ನೊಂದು ವರ್ಷ ಬಂದರೆ ಕೆಲಸ ಕೇಳುವವರು ಹೆಚ್ಚುತ್ತಾರೆ, ಹಂಚಿಕೆ ನಿಂತಲ್ಲೇ ನಿಂತಿರುತ್ತದೆ, ಬರ ಪರಿಹಾರದ ಖರ್ಚೂ ರಾಜ್ಯದ ಮೇಲೆ ಬಿದ್ದಿರುತ್ತದೆ. ಆಗ ಬೊಕ್ಕಸದವರು ಮೊದಲು ಕೈಯಿಡುವುದು ಎಲ್ಲಿಗೆ? ಕೆಲಸ ಕೊಡುವುದಿಲ್ಲ ಎಂದು ಯಾರೂ ಆದೇಶ ಹೊರಡಿಸಬೇಕಿಲ್ಲ. ನಮೂನೆ 6ರಲ್ಲಿ ಕೆಲಸ ಕೇಳಿ ಅರ್ಜಿ ಕೊಟ್ಟವರಿಗೆ ‘ಕ್ರಿಯಾಯೋಜನೆ ಮುಗಿದಿದೆ, ಮುಂದಿನ ವಾರ ನೋಡೋಣ’ ಎಂದರೆ ಸಾಕು. ಎರಡು ‘ಮುಂದಿನ ವಾರ’ಗಳಾದ ಮೇಲೆ ತಾಂಡಾದ ಮನೆಗಳಿಗೆ ಬೀಗ ಬೀಳುತ್ತದೆ.

60 ದಿನಗಳ ಬಿಡುವಿನ ಪರವಾಗಿ ಒಂದು ವಾದವಿದೆ: ಬಿತ್ತನೆ ಹೊತ್ತಿಗೆ ಆಳು ಸಿಗುವುದಿಲ್ಲ ಎಂಬ ರೈತರ ದೂರು. ಅದು ಸುಳ್ಳಲ್ಲ, ಸಣ್ಣ ಹಿಡುವಳಿದಾರರಿಗೆ ಏರುಕೂಲಿ ನಿಜವಾಗಿಯೂ ಭಾರ. ಆದರೆ ಕೂಲಿಕಾರ ಹೆಣ್ಣುಮಕ್ಕಳಿಗೆ ಚೌಕಾಶಿಯ ಬಲ ಇರುವುದೂ ಅದೇ ದಿನಗಳಲ್ಲಿ. ಆ ದಿನಗಳಲ್ಲೇ ಪರ್ಯಾಯ ಕೆಲಸ ನಿಲ್ಲಿಸಿದರೆ ಆಂಧ್ರದಲ್ಲಿ ಕೂಲಿ ಏರಿಸಿದ ಯಂತ್ರ ಇಲ್ಲಿ ಹಿಮ್ಮುಖವಾಗಿ ತಿರುಗುತ್ತದೆ. ಕಾಲುವೆ ನೀರಿರುವ ಶಹಾಪುರ, ಸುರಪುರದ ಬತ್ತದ ಗದ್ದೆಗೂ ಮಳೆಯನ್ನೇ ನಂಬಿದ ಗುರುಮಠಕಲ್‌ನ ಒಣಭೂಮಿಗೂ ಕೆಲಸದ ಕಾಲ ಒಂದೇ ಅಲ್ಲ. ಜಿಲ್ಲೆಗೆಲ್ಲ ಒಂದೇ ಬಿಡುವು ಗೊತ್ತುಮಾಡಿದರೆ, ಹೊಲದಲ್ಲಿ ಕೆಲಸವಿಲ್ಲದ ಕಡೆಯೂ ಖಾತ್ರಿ ಕೆಲಸ ನಿಂತಿರುತ್ತದೆ.

ಒಂದು ಕುಟುಂಬದ ಲೆಕ್ಕ

ಗ್ಯಾರಂಟಿ ಹಣ ಈ ನಷ್ಟವನ್ನು ತುಂಬುವುದಿಲ್ಲವೇ? ಲೆಕ್ಕ ಹಾಕಿ ನೋಡೋಣ. 2025–26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ. 100 ದಿನ ಪೂರ್ತಿ ಸಿಕ್ಕ ಕುಟುಂಬಕ್ಕೆ 37,000. ಸರಾಸರಿಯಂತೆ 50 ದಿನ ಸಿಕ್ಕರೆ 18,500. ಗೃಹಲಕ್ಷ್ಮಿಯಿಂದ ವರ್ಷಕ್ಕೆ 24,000. ಕಾಗದದ ಮೇಲೆ ನೋಡಿದರೆ ಗೃಹಲಕ್ಷ್ಮಿ ಒಂದೇ 50 ದಿನಗಳ ಕೂಲಿಗಿಂತ ಹೆಚ್ಚು. ಹಾಗಾದರೆ ಖಾತ್ರಿ ಹೋದರೂ ಚಿಂತೆಯಿಲ್ಲ ಎನ್ನಬಹುದೇ?

ಎನ್ನಲಾಗದು. ಶೇ 86ರ ಮಾತು ಇಲ್ಲಿಗೆ ಬರುತ್ತದೆ. ಖಾತ್ರಿಯ ಬೆಲೆ ಅದು ಕೊಡುವ 18,500 ರೂಪಾಯಿಯಲ್ಲಿ ಮುಗಿಯುವುದಿಲ್ಲ. ವರ್ಷದ ಉಳಿದ ದಿನಗಳಲ್ಲಿ ಹೊಲದಲ್ಲಿ, ಇಟ್ಟಿಗೆ ಭಟ್ಟಿಯಲ್ಲಿ ಸಿಗುವ ಕೂಲಿಗೆ ಅದು ತಳಹದಿ ಹಾಕುತ್ತದೆ. ನಗದು ನೆರವು ಹೊಟ್ಟೆಯನ್ನು ಕಾಯುತ್ತದೆ, ಆದರೆ ಎಲ್ಲರಿಗೂ ಸಮನಾಗಿ ಬರುವ ಆ ನೆರವು ‘ಇಷ್ಟಕ್ಕಿಂತ ಕಡಿಮೆಗೆ ಬರುವುದಿಲ್ಲ’ ಎನ್ನಲು ಇನ್ನೊಂದು ಕೆಲಸವನ್ನು ತೋರಿಸುವುದಿಲ್ಲ. ಎರಡೂ ಜೊತೆಯಲ್ಲಿದ್ದಾಗ ಮಾತ್ರ ಹಿಂದುಳಿದ ತಾಲ್ಲೂಕಿನ ಆದಾಯ ಮೇಲೇಳುತ್ತದೆ. ಶಕ್ತಿ ಯೋಜನೆಯ ವಿಷಯದಲ್ಲಿ ಇನ್ನೂ ಒಂದು ವಿಚಿತ್ರವಿದೆ. ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾದ್ದರಿಂದ ಗುಳೆ ಹೋಗುವ ಗಂಡ–ಹೆಂಡತಿಯ ಪ್ರಯಾಣದ ಖರ್ಚು ಅರ್ಧಕ್ಕೆ ಇಳಿದಿದೆ. ಊರಲ್ಲಿ ಕೆಲಸ ಇದ್ದಾಗ ಅದೇ ಟಿಕೆಟ್ ಸಂತೆಗೆ, ಆಸ್ಪತ್ರೆಗೆ, ಕಾಲೇಜಿಗೆ ಒಯ್ಯುತ್ತದೆ. ಕೆಲಸ ಇಲ್ಲದಿದ್ದಾಗ ಬೆಂಗಳೂರಿಗೆ ಒಯ್ಯುತ್ತದೆ.

ಕನಿಷ್ಠ ಕೂಲಿಯ ಭೂಗೋಳವೂ ಇದಕ್ಕೆ ಸೇರಿಕೊಳ್ಳುತ್ತದೆ. ನರೇಗಾ ಕೂಲಿ ರಾಜ್ಯದ ಕನಿಷ್ಠ ಕೂಲಿಗಿಂತ ಕಡಿಮೆ ಇರಕೂಡದು ಎಂದು ಕರ್ನಾಟಕ ಹೈಕೋರ್ಟ್ 2011ರಲ್ಲೇ ಹೇಳಿತ್ತು. 2025–26ರ ದರದಲ್ಲಿ 26 ದಿನ ದುಡಿದರೆ 9,620 ರೂಪಾಯಿ. ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಕೌಶಲರಹಿತ ಕಾರ್ಮಿಕರಿಗೆ ಅತಿ ಕೆಳಗಿನ ವಲಯಕ್ಕೂ ತಿಂಗಳಿಗೆ ಸೂಚಿಸಿದ್ದು 19,319 ರೂಪಾಯಿ. ಅದರ ಅರ್ಧದಷ್ಟನ್ನೇ ಸರ್ಕಾರದ ಖಾತ್ರಿ ಕೊಡುತ್ತಿತ್ತು.

ಪ್ರದೇಶಕ್ಕೊಂದು ಕನಿಷ್ಠ ಕೂಲಿ ಗೊತ್ತುಮಾಡುವ ಈ ವಲಯ ಪದ್ಧತಿಯೇ ಬೇಡವೆನ್ನುವುದು ಸುಲಭದ ಮಾತಲ್ಲ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಗಳು ಮಂಡ್ಯ, ಹಾಸನದ ಕಡೆ ಘಟಕ ತೆರೆಯಲು ಅಲ್ಲಿನ ಕಡಿಮೆ ಕೂಲಿಯೂ ಒಂದು ಕಾರಣ, ಮನೆ ಬಿಟ್ಟು ಬರಲಾಗದ ಹೆಣ್ಣುಮಕ್ಕಳಿಗೆ ಅದರಿಂದ ಕೆಲಸ ಸಿಕ್ಕಿದ್ದೂ ನಿಜ. ಆದರೆ ಕಡಿಮೆ ಕೂಲಿಯನ್ನೇ ಆಕರ್ಷಣೆಯಾಗಿ ಮುಂದಿಟ್ಟ ಪ್ರದೇಶ ಕಡಿಮೆ ಕೂಲಿಯಲ್ಲೇ ಉಳಿಯುತ್ತದೆ. ಬ್ರೆಜಿಲ್ 1984ರಲ್ಲಿ ಪ್ರದೇಶವಾರು ಕನಿಷ್ಠ ವೇತನ ಕೈಬಿಟ್ಟು ದೇಶಕ್ಕೆಲ್ಲ ಒಂದೇ ತಂದಿತು. 1990ರ ದಶಕದ ನಡುವಿನಿಂದ ಅದನ್ನು ಸತತವಾಗಿ ಏರಿಸಿತು, 2003ರಲ್ಲಿ ‘ಬೋಲ್ಸಾ ಫಮೀಲಿಯಾ’ ನಗದು ನೆರವನ್ನು ಅದರ ಜೊತೆಗಿಟ್ಟಿತು. ಅಲ್ಲಿ ಗಳಿಕೆಯ ಅಸಮಾನತೆ ಇಳಿದದ್ದರಲ್ಲಿ ದೊಡ್ಡ ಪಾಲು ಕನಿಷ್ಠ ವೇತನದ್ದು ಎಂದು ಅರ್ಥಶಾಸ್ತ್ರಜ್ಞರಾದ ನಿಕ್ಲಾಸ್ ಎಂಗ್‌ಬೋಮ್ ಮತ್ತು ಕ್ರಿಶ್ಚಿಯನ್ ಮೋಸರ್ 2022ರ ಅಧ್ಯಯನದಲ್ಲಿ ತೋರಿಸಿದ್ದಾರೆ. ಕೂಲಿಯ ನೆಲಗಟ್ಟು ಮತ್ತು ನಗದು ನೆರವು ಅಲ್ಲಿ ಒಂದೇ ದಿಕ್ಕಿಗೆ ನಡೆದವು.

ಪೂರ್ವ ಬೆಂಗಳೂರಿನಲ್ಲಿ ಕಾಣಲಿರುವುದು

ಬಾಣಸವಾಡಿಯ ಪಕ್ಕದಲ್ಲೇ, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ 2024ರ ಮಾರ್ಚ್‌ನಿಂದ ಕಲಬುರಗಿಯ ವಂದೇ ಭಾರತ್ ರೈಲು ಬರುತ್ತಿದೆ. ಗುಳೆಯ ಜನ ಬರುವುದು ಆ ರೈಲಿನಲ್ಲಲ್ಲ. ಉದ್ಯಾನ್ ಎಕ್ಸ್‌ಪ್ರೆಸ್‌ನ ಜನರಲ್ ಬೋಗಿಯಲ್ಲಿ, ರಾತ್ರಿ ಬಸ್ಸುಗಳಲ್ಲಿ. ಬಂದವರು ಹೆಣ್ಣೂರು, ಥಣಿಸಂದ್ರ, ಕೆ.ಆರ್. ಪುರದ ಕಡೆಯ ಖಾಲಿ ನಿವೇಶನಗಳಲ್ಲಿ ತಗಡಿನ ಶೆಡ್ಡು ಹಾಕಿಕೊಳ್ಳುತ್ತಾರೆ, ಇಲ್ಲವೇ ಕಟ್ಟುತ್ತಿರುವ ಮನೆಯ ನೆಲಮಹಡಿಯಲ್ಲೇ ಸಿಮೆಂಟ್ ಮೂಟೆಗಳ ಮಗ್ಗುಲಲ್ಲಿ ಒಲೆ ಹೂಡುತ್ತಾರೆ. ಮಗುವಿಗೆ ಮರಳಿನ ಗುಡ್ಡೆಯೇ ಅಂಗಳ. ವಾರದ ಬಟವಾಡೆಯಲ್ಲಿ ಮುಂಗಡ ಮುರಿದುಕೊಂಡು ಉಳಿದದ್ದು ಕೈಗೆ ಬರುತ್ತದೆ.

ನೆರವಿನ ಯೋಜನೆಗಳು ಇಲ್ಲಿ ತೊಡರುತ್ತವೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿಗೆ 2023ರ ಆಗಸ್ಟ್ 5ರಂದು ಕಲಬುರಗಿಯಲ್ಲೇ ಚಾಲನೆ ಕೊಟ್ಟರು. ಆಗಿನ ಇಂಧನ ಸಚಿವ ಕೆ.ಜೆ. ಜಾರ್ಜ್ ಅವರ ಸ್ವಂತ ಕ್ಷೇತ್ರ ಸರ್ವಜ್ಞನಗರ. ಆದರೆ ಮೀಟರೇ ಇಲ್ಲದ ಶೆಡ್ಡಿಗೆ ಶೂನ್ಯ ಬಿಲ್ ಬರಲು ದಾರಿಯಿಲ್ಲ. ಬೀಗ ಹಾಕಿದ ಊರಿನ ಮನೆಗೆ ಆ ಬಿಲ್ಲಿನಿಂದ ಪ್ರಯೋಜನವಿಲ್ಲ.

ಕಾನೂನಿನ ಕಣ್ಣಿಗೂ ಇವರು ಬೀಳುವುದು ಕಡಿಮೆ. 1979ರ ಕಾಯ್ದೆಯಿಂದ ಹಿಡಿದು ಈಗಿನ ಕಾರ್ಮಿಕ ಸಂಹಿತೆಯವರೆಗೆ ವಲಸೆ ಕಾರ್ಮಿಕ ಎಂದರೆ ಅಂತರರಾಜ್ಯ ವಲಸೆ ಕಾರ್ಮಿಕ. ಬಿಹಾರದಿಂದ ಬಂದವರಿಗೆ ಆ ಹೆಸರಿನ ರಕ್ಷಣೆ ಉಂಟು, ಯಾದಗಿರಿಯಿಂದ ಬಂದವರಿಗಿಲ್ಲ. ನಾಲ್ಕು ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಂದು ಜಾರಿಗೆ ಬಂದಾಗ ಗುತ್ತಿಗೆ ಕಾರ್ಮಿಕರ ನಿಯಮ ಅನ್ವಯಿಸುವ ಮಿತಿ 20ರಿಂದ 50 ಕಾರ್ಮಿಕರಿಗೆ ಏರಿತು. ಎಚ್‌ಬಿಆರ್ ಬಡಾವಣೆಯ ನಾಲ್ಕು ಅಂತಸ್ತಿನ ಬಾಡಿಗೆ ಮನೆ ಕಟ್ಟುವ ಕಂಟ್ರಾಕ್ಟರ್ ಬಳಿ 50 ಆಳು ಇರುವುದು ಅಪರೂಪ. ಇತ್ತ ರಾಜ್ಯ 2025ರಲ್ಲೇ ಗಿಗ್ ಕಾರ್ಮಿಕರಿಗೆ ಕಲ್ಯಾಣ ಶುಲ್ಕದ ಕಾಯ್ದೆ ತಂದಿದೆ. ಒಳ್ಳೆಯ ಹೆಜ್ಜೆ. ಆದರೆ ಗಿಗ್ ಕೆಲಸ ನೆರೆದಿರುವುದು ಬೆಂಗಳೂರಿನಲ್ಲಿ. ಹೊಸ ರಕ್ಷಣೆ ಸಿರಿವಂತ ಜಿಲ್ಲೆಯಲ್ಲಿ ಬಲವಾಗುತ್ತ, ಹಳೆಯ ರಕ್ಷಣೆ ಬಡ ಜಿಲ್ಲೆಯಲ್ಲಿ ಸಡಿಲವಾದರೆ ಕಾರ್ಮಿಕ ನೀತಿಯೇ ಅಂತರವನ್ನು ಹಿಗ್ಗಿಸುತ್ತದೆ.

ಈ ನಗರ ಅವರ ದುಡಿಮೆಯನ್ನು ಎಷ್ಟು ನೆಚ್ಚಿದೆ ಎಂಬುದು 2020ರ ಮೇ ತಿಂಗಳಲ್ಲಿ ಬಯಲಾಯಿತು. ಬಿಲ್ಡರ್‌ಗಳ ಜೊತೆ ಸಭೆ ನಡೆಸಿದ ರಾಜ್ಯ ಸರ್ಕಾರ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದುಮಾಡಿಸಿತು, ಟೀಕೆ ಭುಗಿಲೆದ್ದ ಮೇಲೆ ಮತ್ತೆ ಬಿಟ್ಟಿತು. ಕೂಲಿಯವರು ಬಿಟ್ಟುಹೋದರೆ ಕಟ್ಟಡ ನಿಲ್ಲುತ್ತದೆ ಎಂಬ ಭಯ ಆಗ ಸರ್ಕಾರವನ್ನು ಆಡಿಸಿತು. ಈಗಿನ ಅಪಾಯ ಸದ್ದಿಲ್ಲದ್ದು. ಕೂಲಿಯವರು ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಯಾವ ಬಿಲ್ಡರೂ ಸಭೆ ಕರೆಯುವುದಿಲ್ಲ.

ಬೇಸಿಗೆಗೆ ಮೊದಲೇ ಮಾಡಬೇಕಾದ್ದು

ಹಾನಿ ತಟ್ಟನೆ ಬರುವುದಿಲ್ಲ, ಸರದಿಯಲ್ಲಿ ಬರುತ್ತದೆ. ಮೊದಲು ಯಾದಗಿರಿ, ರಾಯಚೂರು, ಕಲಬುರಗಿಯ ಪಂಚಾಯಿತಿಗಳಲ್ಲಿ ಕೆಲಸ ಕೇಳಿದವರಿಗೂ ಪಡೆದವರಿಗೂ ನಡುವಿನ ಅಂತರ ಹೆಚ್ಚುತ್ತದೆ. ಆಮೇಲೆ ತೊಗರಿ ರಾಶಿ ಮುಗಿದ ಜನವರಿಯಿಂದ ಬೇಸಿಗೆವರೆಗೆ ಶಾಲಾ ಹಾಜರಿ ಇಳಿಯುತ್ತದೆ. ಕೊನೆಗೆ ಬೆಂಗಳೂರಿನ ಹೆಲ್ಪರ್ ಕೂಲಿ, ಬೆಲೆಗಳು ಏರಿದರೂ, ನಿಂತಲ್ಲೇ ನಿಲ್ಲುತ್ತದೆ. ಈ ಮೂರನ್ನೂ ಅಳೆಯುವ ವ್ಯವಸ್ಥೆ ಸರ್ಕಾರದ ಬಳಿಯೇ ಇದೆ. ಪ್ರತಿ ತಿಂಗಳೂ ತಾಲ್ಲೂಕುವಾರು ಪ್ರಕಟಿಸಲು ಹೊಸ ಕಾನೂನು ಬೇಕಿಲ್ಲ.

ರಾಜ್ಯದ ಕೈಯಲ್ಲೇ ಇರುವ ಇನ್ನೂ ಕೆಲವು ಕೆಲಸಗಳಿವೆ. 60 ದಿನಗಳ ಬಿಡುವನ್ನು ಬೆಳೆಯ ಪಂಚಾಂಗ ನೋಡಿ ಪ್ರದೇಶವಾರು ಗೊತ್ತುಮಾಡಲು ಹೊಸ ಕಾಯ್ದೆಯಲ್ಲೇ ಅವಕಾಶವಿದೆ, ಅದನ್ನು ತಾಲ್ಲೂಕು ಮಟ್ಟಕ್ಕೆ ಇಳಿಸಬೇಕು. ಪ್ರದೇಶಾಭಿವೃದ್ಧಿ ಮಂಡಳಿಯ 5,000 ಕೋಟಿಯಲ್ಲಿ ಒಂದು ಪಾಲನ್ನು, ನಂಜುಂಡಪ್ಪ ವರದಿಯ ಅತ್ಯಂತ ಹಿಂದುಳಿದ ತಾಲ್ಲೂಕುಗಳಲ್ಲಿ ಹಂಚಿಕೆ ಮೀರಿದ ಕೂಲಿ ದಿನಗಳಿಗೆಂದೇ ಮೀಸಲಿಡಬೇಕು. ಕಾಂಕ್ರೀಟ್ ರಸ್ತೆಗೆ ಸಿಗುವ ಆದ್ಯತೆ ಕೃಷಿ ಹೊಂಡಕ್ಕೂ ಬದುವಿಗೂ ಸಿಗಲಿ. ರಾಜ್ಯದೊಳಗಿನ ವಲಸಿಗರನ್ನು ನೋಂದಾಯಿಸಬೇಕು. ಕಟ್ಟಡ ವೆಚ್ಚದ ಶೇ 1ರ ಸೆಸ್‌ನಿಂದ ನಡೆಯುವ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯ ಹಣದಲ್ಲಿ, ಅವರ ಮಕ್ಕಳು ಊರಲ್ಲೇ ಉಳಿದು ಓದಲು ಋತುಮಾನದ ವಸತಿ ನಿಲಯಗಳನ್ನು ನಡೆಸಬೇಕು.

ಇವುಗಳಿಗೆ ಹಣ ಬೇಕು, ನಿಜ. ಆದರೆ ಗ್ಯಾರಂಟಿಗಳಿಗೆ ವರ್ಷಕ್ಕೆ 51 ಸಾವಿರ ಕೋಟಿ ಇಡುವ ರಾಜ್ಯ, ಆ ಹಣ ತಲುಪುವ ಮನೆಯವರ ಕೂಲಿ ಕುಸಿಯುವುದನ್ನು ನೋಡುತ್ತ ಕೂತರೆ ಒಂದು ಕೈಯಲ್ಲಿ ಕೊಟ್ಟದ್ದು ಇನ್ನೊಂದು ಕಡೆ ಸೋರಿಹೋಗುತ್ತದೆ. ನೆರವನ್ನೂ ಕೂಲಿಯನ್ನೂ ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದ ಹೊರತು ಐದು ಪಟ್ಟಿನ ಅಂತರ ಕಡಿಮೆಯಾಗದು. ಆ ಅಂತರದ ಬೆಲೆಯನ್ನು ಯಾದಗಿರಿಯಲ್ಲಿ ಉಳಿದವರೂ ಸರ್ವಜ್ಞನಗರಕ್ಕೆ ಬಂದವರೂ ಇಲ್ಲೇ ಹುಟ್ಟಿ ಬೆಳೆದ ಗಾರೆ ಕೆಲಸದವರೂ ತಮ್ಮ ದಿನಗೂಲಿಯಿಂದಲೇ ತೆರಬೇಕಾಗುತ್ತದೆ.